ರದ್ದು ಮಾಡುವ ಅಧಿಕಾರ

ಕಾಲುವೆ ಕಟ್ಟುವ ಕೆಲಸ ಮುಗಿದು ಇಂಜಿನಿಯರುಗಳೆಲ್ಲ ಬೇರೆ ಬೇರೆ ಕಡೆಗೆ ಹೋದಮೇಲೆ ಶಹಾಪುರದ ಹತ್ತಿರದ ಕೆನಾಲ್ ಕ್ಯಾಂಪಿನಲ್ಲಿ ಸಾಲುಸಾಲು ಮನೆಗಳು ಖಾಲಿ ಬಿದ್ದವು. ಬಾಗಿಲಿಗೆ ಹಾಕಿದ ಬೀಗಗಳು ತುಕ್ಕು ಹಿಡಿದವು. ಗೋಡೆಯ ಮೇಲಿನ ಮನೆ ನಂಬರುಗಳು ಮಾತ್ರ ಅಳಿಯದೆ ಉಳಿದವು. ಅಂಥದೊಂದು ಮನೆಯಲ್ಲಿ ನಾನು ಮೂರು ವರ್ಷ ಒಬ್ಬಳೇ ಇದ್ದೆ. ಎಡಕ್ಕೆ ನಾಲ್ಕು ಮನೆ ಖಾಲಿ, ಬಲಕ್ಕೆ ಎರಡು. ಅದರಾಚೆ ಒಬ್ಬ ಪಂಪ್ ಆಪರೇಟರನ ಸಂಸಾರವಿತ್ತು. ಅವರ ಮನೆಯ ಕುಕ್ಕರಿನ ಸೀಟಿ ಕೇಳಿಸಿದರೆ ನನಗೂ ಒಲೆ ಹಚ್ಚುವ ಮನಸ್ಸಾಗುತ್ತಿತ್ತು.

ಗಂಡನ ಮನೆಯಿಂದ ಎರಡೇ ವರ್ಷಕ್ಕೆ ತಿರುಗಿ ಬಂದವಳು ನಾನು. ಗೋಗಿಯಲ್ಲಿ ಅಣ್ಣನ ಮನೆಯಿತ್ತು. ಅಲ್ಲಿ ಯಾರೂ ನನಗೆ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇರುವುದೇ ದಿನದಿನಕ್ಕೆ ಭಾರವಾಗಿ, ಶಹಾಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸ ಹಿಡಿದು ಕ್ಯಾಂಪಿಗೆ ಬಂದೆ. ಕೇಂದ್ರಕ್ಕೆ ಬರುವವರು ಹೆಚ್ಚಾಗಿ ಸರಕಾರಿ ನೌಕರರು, ಮಾಸ್ತರರು. ಸೋಮವಾರದಿಂದ ಶನಿವಾರದವರೆಗೆ ಅವರ ಜೊತೆ ಮಾತಿರುತ್ತಿತ್ತು. ಆಯಿತವಾರ ಇಡೀ ದಿನ ಬಾಯಿ ತೆರೆಯದೆ ಕಳೆದು, ಸೋಮವಾರ ಬಸ್ ಕಂಡಕ್ಟರನಿಗೆ ಊರ ಹೆಸರು ಹೇಳುವಾಗ ದನಿ ಒಡೆದು ಬರುತ್ತಿತ್ತು.

ಆ ದಿನಗಳಲ್ಲಿ ಕಚೇರಿಗಳಿಗೆ ಹೊಸದಾಗಿ ಕಂಪ್ಯೂಟರ್ ಬರುತ್ತಿದ್ದವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಕೆಲಸ ಮುಗಿದಮೇಲೆ ಅದಕ್ಕೆ ಬಟ್ಟೆ ಹೊದಿಸಬೇಕು, ಅಷ್ಟು ಮರ್ಯಾದೆ. ಬೆಂಗಳೂರಿನ ಒಂದು ಸಂಸ್ಥೆ ಈ ಕಚೇರಿಗಳಿಗೆಂದೇ ಕನ್ನಡದಲ್ಲಿ ಒಂದು ಸಣ್ಣ ಪ್ರೋಗ್ರಾಂ ಮಾಡಿತ್ತು. ಅದರ ಕೆಲಸ ಎರಡೇ. ಕಂಪ್ಯೂಟರಿನಲ್ಲಿರುವ ಫೈಲಿನ ನಕಲನ್ನು ಫ್ಲಾಪಿ ಎಂಬ ಅಂಗೈಯಗಲದ ತಟ್ಟೆಗೆ ಹಾಕಿ ಜೋಪಾನ ಮಾಡುವುದು ಒಂದು. ಅಸಲು ಹಾಳಾದರೆ ಆ ನಕಲನ್ನು ಮತ್ತೆ ತಂದು ಅದರ ಜಾಗದಲ್ಲಿ ಇಡುವುದು ಇನ್ನೊಂದು. ಇದನ್ನು ಎಲ್ಲ ಕಡೆ ಹಂಚುವ ಮೊದಲು, ಕಂಪ್ಯೂಟರ್ ಹೊಸದಾಗಿ ಮುಟ್ಟುವವರಿಗೆ ಅದು ಎಷ್ಟು ಸಲೀಸು ಎಂದು ನೋಡಿ ವರದಿ ಕೊಡಲು ಅವರಿಗೆ ನಮ್ಮ ಕಡೆಯ ಒಬ್ಬರು ಬೇಕಿತ್ತು. ತರಬೇತಿ ಕೇಂದ್ರದವರು ನನ್ನ ಹೆಸರು ಹೇಳಿದರು. ಶಹಾಪುರ, ಯಾದಗಿರಿ, ಸುರಪುರ ಮೂರೂ ಕಡೆ ತಿರುಗಬೇಕು, ಒಬ್ಬೊಬ್ಬರ ಪಕ್ಕ ಕೂತು ನೋಡಿ ಬರೆದುಕೊಳ್ಳಬೇಕು. ಒಬ್ಬಳೇ ತಿರುಗುವ ಕೆಲಸ ಎಂದು ಕೇಂದ್ರದವರು ಅನುಮಾನದಿಂದಲೇ ಕೇಳಿದರು. ನನಗೆ ಅದೇ ಅನುಕೂಲವಾಗಿ ಕಂಡಿತು.

ಕೆಲಸ ವಿವರಿಸಲು ಬೆಂಗಳೂರಿನಿಂದ ಒಬ್ಬ ಹೆಂಗಸು ಯಾದಗಿರಿಗೆ ಬಂದಿದ್ದರು. ನನ್ನದೇ ವಯಸ್ಸು. ಪ್ರೋಗ್ರಾಂ ಬಳಸುವವರು ಎಲ್ಲಿ ತಡವರಿಸುತ್ತಾರೆ, ಎಷ್ಟು ನಿಮಿಷ ನಿಲ್ಲುತ್ತಾರೆ, ಯಾವ ಶಬ್ದ ಅರ್ಥವಾಗುವುದಿಲ್ಲ, ಎಲ್ಲವನ್ನೂ ಬರೆಯಬೇಕು, ಆದರೆ ಯಾವ ಕಾರಣಕ್ಕೂ ಸಹಾಯ ಮಾಡಬಾರದು ಎಂದು ಅವರು ಬೆಳಗಿನಿಂದ ಸಂಜೆಯವರೆಗೆ ಹೇಳಿದರು. ನಾನು ಕಲಿಸುವವಳು, ಸುಮ್ಮನಿರುವುದು ಕಷ್ಟ ಎಂದೆ.

“ಅವರ ಪಾಲಿಗೆ ನೀವು ಒಂದು ಗೋಡೆ ಇದ್ದ ಹಾಗೆ,” ಎಂದರು. “ನೀವು ಒಂದು ಮಾತು ಹೇಳಿಕೊಟ್ಟರೂ ಆ ಪರೀಕ್ಷೆ ಕೆಟ್ಟುಹೋಯಿತು ಅಂತ ತಿಳ್ಕೊಳಿ.”

ಇನ್ನೊಂದು ಮಾತನ್ನೂ ಹೇಳಿದ್ದರು. ಪರೀಕ್ಷೆಗೆ ಯಾರದೂ ನಿಜವಾದ ಫೈಲು ಬಳಸಬಾರದು, ಅದಕ್ಕೆಂದೇ ಮಾಡಿದ ಮಾದರಿ ಫೈಲುಗಳ ಫ್ಲಾಪಿ ಕೊಡುತ್ತೇವೆ, ಅದನ್ನೇ ಬಳಸಬೇಕು. ನಾನು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದೆ.

ಸುಮ್ಮನಿರುವುದು ನಾನು ಅಂದುಕೊಂಡದ್ದಕ್ಕಿಂತ ಬೇಗ ರೂಢಿಯಾಯಿತು. ಯಾದಗಿರಿಯಲ್ಲಿ ಕೊಂಕಲ್‌ನಿಂದ ಬರುವ ಒಬ್ಬ ಶಿಕ್ಷಕಿ ಇದ್ದರು. ಮಕ್ಕಳ ಹಾಜರಿ ಫೈಲು ಮಾಡಿಕೊಂಡಿದ್ದರು. ನಮ್ಮ ಮಾದರಿ ಫೈಲಿನ ನಕಲು ಹಾಕುವಾಗ ಪರದೆಯ ಮೇಲೆ ‘ದೋಷ ಕಂಡುಬಂದಿದೆ’ ಎಂದು ಬಂತು. ಫ್ಲಾಪಿ ಸರಿಯಾಗಿ ಕೂತಿರಲಿಲ್ಲ, ಅಷ್ಟೆ. ಶಿಕ್ಷಕಿ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಕೈಯೇ ಹಂಗದ, ಏನು ಮುಟ್ಟಿದರೂ ದೋಷವೇ ಬರ್ತದ ಎಂದು ಮೆಲ್ಲಗೆ ಅಂದರು. ಅವರಿಗೆ ಮಕ್ಕಳಿರಲಿಲ್ಲವೆಂದು, ದೋಷವೆಂಬ ಶಬ್ದವನ್ನು ಅವರು ಬೇರೆ ಬೇರೆ ಬಾಯಲ್ಲಿ ಎಷ್ಟೋ ವರ್ಷದಿಂದ ಕೇಳುತ್ತ ಬಂದಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅವತ್ತು ನಾನು ‘ದೋಷ ಎಂಬ ಶಬ್ದ ತೆಗೆಯಬೇಕು, ಫ್ಲಾಪಿ ಸರಿಯಾಗಿ ಹಾಕಿ ಎಂದರೆ ಸಾಕು’ ಎಂದು ಬರೆದೆ. ವರದಿಯ ನಮೂನೆಯಲ್ಲಿ ‘ಬಳಸುವವರ ಮನಸ್ಥಿತಿ’ ಎಂಬ ಒಂದು ಕಲಂ ಇತ್ತು. ಅದರಲ್ಲಿ ‘ಬೇಸರ’ ಎಂದು ತುಂಬಿದೆ.

ಸುರಪುರದಲ್ಲಿ ನನ್ನ ಪಾಲಿಗೆ ಬಂದದ್ದು ನೀರಿನ ಲೆಕ್ಕ ಇಡುವ ಒಂದು ಸಣ್ಣ ಕಚೇರಿ. ಎರಡು ಕೋಣೆ, ಮುಂದೊಂದು ಬೇವಿನ ಗಿಡ. ಅಲ್ಲಿಯ ಹಿರಿಯ ಗುಮಾಸ್ತರಿಗೆ ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ತೆಳ್ಳಗಿನ ದೇಹ, ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ಮನೆಯಲ್ಲಿ ದಖನಿ ಉರ್ದು, ಕಚೇರಿಯಲ್ಲಿ ಕನ್ನಡ. ಅವರು ಬರೆದ ರಿಜಿಸ್ಟರಿನ ಅಕ್ಷರಗಳು ಅಚ್ಚು ಹಾಕಿದಂತಿದ್ದವು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಗಳು ಯಾದಗಿರಿಯಲ್ಲಿ. ಮೊದಲ ದಿನವೇ ನನ್ನನ್ನು ಬೇಟಿ ಎಂದು ಕರೆದರು. ನಾನು ಚಾಚಾ ಎಂದೆ. ಎಷ್ಟು ದಿನದಿಂದ ಯಾರೂ ನನ್ನನ್ನು ಕೆಲಸದ ಹೆಸರು ಬಿಟ್ಟು ಬೇರೆ ಏನೂ ಕರೆದಿರಲಿಲ್ಲ ಎಂಬುದು ಶಹಾಪುರದ ಬಸ್ಸಿನಲ್ಲಿ ಕೂತಮೇಲೆ ನೆನಪಾಯಿತು.

ಚಾಚಾ ಕಂಪ್ಯೂಟರಿಗೆ ಹೆದರುವವರಲ್ಲ. ಒಂದೇ ಬೆರಳಿನಲ್ಲಿ, ಆದರೆ ಒಂದೂ ತಪ್ಪಿಲ್ಲದೆ ಕನ್ನಡ ಟೈಪ್ ಮಾಡುತ್ತಿದ್ದರು. ಮಧ್ಯಾಹ್ನ ಊಟವಾದಮೇಲೆ ಉಳಿದವರು ಚಾ ಕುಡಿಯಲು ಹೊರಗೆ ಹೋದಾಗ ಅವರು ಒಬ್ಬರೇ ಕೂತು ಏನೋ ಬರೆಯುತ್ತಿದ್ದರು. ಏನೆಂದು ಕೇಳಿದೆ.  ಕುರ್ಚಿ ಸರಿಸಿ ತೋರಿಸಿದರು. ಪ್ರಾಯದಲ್ಲಿ ಅವರು ಕಾಲುವೆಯ ಮೇಲೆ ನೀರಿನ ಮಟ್ಟದ ಗೇಜ್ ನೋಡುವ ಕೆಲಸಕ್ಕೆ ಸೇರಿದ್ದವರು. ಹೊಸ ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ, ಒಣ ಕಾಲುವೆಯೊಳಗೆ ಆಡುವ ಮಕ್ಕಳನ್ನೂ ಮೇಯುವ ಆಡುಗಳನ್ನೂ ಹೊರಗೆ ಹಾಕಲು ಕೋಲು ಹಿಡಿದು ನೀರಿನ ಮುಂದೆ ನಡೆಯಲು ಅವರನ್ನು ಹಚ್ಚಿದ್ದರಂತೆ.

“ನೀರಂದ್ರ ನೀನು ಸಿನಿಮಾದಾಗ ನೋಡಿದಂಗ ಓಡಿ ಬರಂಗಿಲ್ಲ ಬೇಟಿ,” ಎಂದರು. “ನಡಕೋತ ಬರ್ತದ. ನಮ್ಮ ನಡಿಗಿಗೆ ಸರಿಯಾಗಿ. ಮುಂದ ಧೂಳ, ಕಸ, ಹರದ ಚಪ್ಪಲಿ ದೂಡಕೋತ ಬರ್ತದ. ನಾ ಹಿಂದ ತಿರುಗಿ ನೋಡಕೋತ ಮುಂದ ಹೋಗಾಂವ.”

ಯಾವ ಊರಿಗೆ ಯಾವ ಹೊತ್ತಿಗೆ ನೀರು ಮುಟ್ಟಿತು, ಅಲ್ಲಿ ಜನ ಏನು ಮಾಡಿದರು, ಇದನ್ನೆಲ್ಲ ಅವರು ನೆನಪಿನಿಂದ ಬರೆಯುತ್ತಿದ್ದರು. ದೇವಾಪುರದ ಹತ್ತಿರ ಒಬ್ಬ ಮುದುಕಿ ಕಾಲುವೆಗಿಳಿದು ಬರುವ ನೀರಿಗೆ ಅರಿಷಿಣ ಕುಂಕುಮ ಹಾಕಿ, ಮೊಣಕಾಲವರೆಗೆ ನೀರು ಬಂದರೂ ಮೇಲೆ ಹತ್ತದೆ ನಿಂತದ್ದು, ಚಾಚಾ ಅವಳನ್ನು ಎತ್ತಿ ದಂಡೆಗೆ ತಂದದ್ದು, ಅವಳು ಬೈದದ್ದು. ಏಳು ಪುಟವಾಗಿತ್ತು. ಅವತ್ತಿನ ಪರೀಕ್ಷೆ ನಕಲು ಹಾಕುವುದರದ್ದು. ಮಾದರಿ ಫೈಲಿನಿಂದ ಅದು ಸಲೀಸಾಗಿ ಮುಗಿಯಿತು. ಮುಗಿದಮೇಲೆ ಚಾಚಾ ಖುಷಿಯಲ್ಲಿ ತಮ್ಮ ಏಳು ಪುಟದ ಫೈಲನ್ನೂ ಒಂದು ಫ್ಲಾಪಿಗೆ ನಕಲು ಹಾಕಿ, ಮೇಲೆ ಪೆನ್ನಿನಿಂದ ‘ನೀರು’ ಎಂದು ಬರೆದು ಕಪಾಟಿನಲ್ಲಿಟ್ಟರು.

ಮತ್ತೆ ನಾನು ಸುರಪುರಕ್ಕೆ ಹೋದದ್ದು ಸುಮಾರು ಒಂದು ತಿಂಗಳ ಮೇಲೆ, ಪ್ರೋಗ್ರಾಮಿನ ಎರಡನೆಯ ಕೆಲಸದ ಪರೀಕ್ಷೆಗೆ. ಬೇಸಿಗೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಇಟ್ಟ ಚೀಲದಲ್ಲಿ ಮಾದರಿ ಫ್ಲಾಪಿ ಕಾದು ಸೊಟ್ಟಗಾಗಿತ್ತು. ಕಂಪ್ಯೂಟರು ಅದನ್ನು ಓದಲೇ ಇಲ್ಲ. ವಾಪಸ್ ಹೋಗಿ ಬೇರೆ ತರಬಹುದಿತ್ತು. ಚಾಚಾ ಕಪಾಟಿನಿಂದ ತಮ್ಮ ಫ್ಲಾಪಿ ತೆಗೆದು, ಇದೇ ಇದೆಯಲ್ಲ, ಇದರಿಂದಲೇ ನೋಡೋಣ, ಬಿಸಿಲಲ್ಲಿ ಇನ್ನೊಂದು ಸಲ ಯಾಕೆ ಬರುವುದು ಎಂದರು. ನಾನು ಹೂಂ ಎಂದೆ. ಅಷ್ಟೇ ನಾನು ಮಾಡಿದ್ದು.

ಅವರು ಫ್ಲಾಪಿ ಹಾಕಿ ‘ಮರಳಿಸು’ ಎಂಬಲ್ಲಿ ಒತ್ತಿದರು. ಪರದೆಯ ಮೇಲೆ ಒಂದು ಚೌಕ ತೆರೆಯಿತು. ‘ಈ ಕಡತವು ಈಗಾಗಲೇ ಅಸ್ತಿತ್ವದಲ್ಲಿದೆ. ಬದಲಾಯಿಸಬೇಕೆ?’ ಕೆಳಗೆ ಎರಡು ಗುಂಡಿ: ‘ಸರಿ’, ‘ರದ್ದು’.

ಚಾಚಾ ನಿಂತರು. ಆಗ ನನಗೆ ಹೊಳೆಯಿತು. ಫ್ಲಾಪಿಯಲ್ಲಿರುವುದು ಒಂದು ತಿಂಗಳ ಹಿಂದಿನ ಏಳು ಪುಟ. ಕಂಪ್ಯೂಟರಿನಲ್ಲಿರುವ ಅದೇ ಹೆಸರಿನ ಫೈಲಿನಲ್ಲಿ ಈ ತಿಂಗಳು ಬರೆದದ್ದೆಲ್ಲ ಇದ್ದೀತು. ‘ಸರಿ’ ಒತ್ತಿದರೆ ಹಳೆಯದು ಬಂದು ಹೊಸದರ ಮೇಲೆ ಕೂರುತ್ತದೆ. ‘ರದ್ದು’ ಒತ್ತಿದರೆ ಏನೂ ಆಗುವುದಿಲ್ಲ, ಚೌಕ ಮುಚ್ಚಿಕೊಳ್ಳುತ್ತದೆ.

ಚಾಚಾ ಸಾಲನ್ನು ಮೆಲ್ಲಗೆ ಓದಿದರು. ಬಾಣದ ಗುರುತನ್ನು ‘ರದ್ದು’ವಿನ ಹತ್ತಿರ ಒಯ್ದರು, ತಂದರು. ಮತ್ತೆ ಒಯ್ದರು. ನನ್ನ ಕಡೆ ನೋಡಿದರು. ನಾನು ನೋಟ್‌ಬುಕ್ಕಿನ ಕಡೆ ನೋಡಿದೆ. ಐದು ನಿಮಿಷವಾಯಿತು.  ಇನ್ನೂ ಅವರು ಒತ್ತಿರಲಿಲ್ಲ. ಒಂದು ಮಾತು ಸಾಕಿತ್ತು. ಅದು ನನ್ನ ಗಂಟಲಿನವರೆಗೂ ಬಂದಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂದಿರಲಿಲ್ಲ. ಬೆಂಗಳೂರಿನವರು ನನ್ನ ಹಿಂದಿನ ವರದಿಗಳನ್ನು ಫೋನಿನಲ್ಲಿ ಹೊಗಳಿದ್ದರು. ಇದು ಇಲ್ಲಿಯವರೆಗಿನ ಎಲ್ಲಕ್ಕಿಂತ ಒಳ್ಳೆಯ ವರದಿಯಾಗುತ್ತದೆ ಎಂದು ನಾನು ಗಡಿಯಾರ ನೋಡುತ್ತಿದ್ದೆ.

“ರದ್ದು ಮಾಡೂದು ನನ್ನ ಕೈಯಾಗ ಇಲ್ಲ,” ಎಂದು ಚಾಚಾ ತಮಗೆ ತಾವೇ ಅಂದರು. “ಅದಕ್ಕ ಸಾಹೇಬ್ರ ಸಹಿ ಬೇಕು.”

‘ಸರಿ’ ಒತ್ತಿದರು.

ಫೈಲು ತೆರೆದು ನೋಡಿದರು. ಏಳು ಪುಟ. ಕೆಳಗೆ ಹೋದರು, ಮೇಲೆ ಬಂದರು. ಮುಚ್ಚಿ ಮತ್ತೆ ತೆರೆದರು. ಏಳೇ ಪುಟ. ಇಪ್ಪತ್ತಾರಿತ್ತಂತೆ.  ಆಮೇಲೆ ನನ್ನ ಕಡೆ ತಿರುಗಿದರು.

“ನೀವು ನೋಡಾಕತ್ತಿದ್ರಲ್ರಿ ಮೇಡಂ. ಹಿಂಗ ಆಗ್ತದಂತ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ರಿ ಚಾಚಾ,” ಎಂದೆ.

ಅವರು ತಲೆಯಾಡಿಸಿದರು, ಯಾವುದೋ ಅರ್ಜಿಗೆ ಉತ್ತರ ಸಿಕ್ಕವರಂತೆ. ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ನಿಯಮ ಹೇಳುತ್ತಿದ್ದೆ. ಅವತ್ತಿನಿಂದ ನಾನು ಅವರಿಗೆ ಮೇಡಂ ಆದೆ. ಬೇಟಿ ಎಂದು ಮತ್ತೆ ಅವರು ಕರೆಯಲಿಲ್ಲ.

ಪ್ರತಿ ಪರೀಕ್ಷೆಯ ಕೊನೆಗೆ ಒಂದು ಪ್ರಶ್ನಾವಳಿ ತುಂಬಿಸಬೇಕಿತ್ತು. ಕೊಡಲು ನನಗೆ ಕೈ ಬರಲಿಲ್ಲ. ಚಾಚಾ ತಾವೇ ಕೇಳಿ ಇಸಿದುಕೊಂಡರು. ‘ಪ್ರೋಗ್ರಾಂ ಬಳಸಲು ಹೇಗಿದೆ?’ ಎಂಬುದಕ್ಕೆ ಐದು ಉತ್ತರಗಳಿದ್ದವು. ಅವರು ‘ತುಂಬಾ ಸುಲಭ’ ಎಂಬುದರ ಮುಂದೆ ಗುರುತು ಹಾಕಿ, ಅಚ್ಚಿನಂಥ ಅಕ್ಷರದಲ್ಲಿ ಸಹಿ ಮಾಡಿದರು. ಹೀಗೇಕೆ ಬರೆದಿರಿ ಎಂದು ಕೇಳಿದೆ.

“ನಿಮ್ಮ ನೌಕರಿಗಿ ತೊಂದ್ರಿ ಆಗಬಾರ್ದಲ್ರಿ,” ಎಂದರು.

ಬಸ್ಸಿನಲ್ಲಿ ಆ ಹಾಳೆಯನ್ನು ಮಡಚದೆ ಕೈಯಲ್ಲೇ ಹಿಡಿದುಕೊಂಡು ಬಂದೆ. ಕ್ಯಾಂಪಿನ ಮನೆಗೆ ಬಂದು ಬೀಗ ತೆಗೆದು ಬಾಗಿಲಲ್ಲೇ ಕೂತೆ. ಎದುರಿಗೆ ಗುಡ್ಡದ ಮೇಲೆ ಬಿಸಿಲು ಇನ್ನೂ ಇತ್ತು. ಆ ದಿನ ನಡೆದದ್ದನ್ನು ಯಾರಿಗಾದರೂ ಹೇಳಬೇಕಿತ್ತು. ಯಾರಿಗೆ ಹೇಳಲಿ ಎಂದು ಹೆಸರುಗಳನ್ನು ಒಂದೊಂದಾಗಿ ನೆನೆದೆ. ಅಣ್ಣನಿಗೆ ಅರ್ಥವಾಗುವುದಿಲ್ಲ, ಅತ್ತಿಗೆ ನಗುತ್ತಾಳೆ, ಪಂಪ್ ಆಪರೇಟರನ ಹೆಂಡತಿಗೆ ಫ್ಲಾಪಿ ಎಂದರೇನೆಂದು ಮೊದಲು ಹೇಳಬೇಕು. ಕೊನೆಗೆ ವರದಿಯಲ್ಲೇ ಬರೆದೆ. ಮಾದರಿ ಫೈಲು ಬಳಸದೆ ಇದ್ದದ್ದು ನನ್ನ ತಪ್ಪು, ಗೊತ್ತಿದ್ದೂ ಸುಮ್ಮನಿದ್ದದ್ದು ನನ್ನ ತಪ್ಪು ಎಂದು ಬರೆದೆ. ಗುಮಾಸ್ತರೊಬ್ಬರಿಗೆ ‘ರದ್ದು’ ಎಂದರೆ ಏನು ಎಂಬುದನ್ನೂ ಬರೆದೆ. ವರ್ಷಗಟ್ಟಲೆ ಕಚೇರಿಯಲ್ಲಿ ಕೂತವರು ರದ್ದಾದ ಆದೇಶಗಳನ್ನು ಕಂಡಿದ್ದಾರೆ, ರದ್ದಾದ ನೇಮಕಾತಿಗಳನ್ನು ಕಂಡಿದ್ದಾರೆ. ಅದು ಮೇಲಿನವರು ಮಾಡುವ ಕೆಲಸ, ಕೆಳಗಿನವರು ಆ ಶಬ್ದವನ್ನು ಮುಟ್ಟುವುದಿಲ್ಲ. ಪ್ರಶ್ನಾವಳಿಯಲ್ಲಿ ‘ತುಂಬಾ ಸುಲಭ’ ಎಂದಿರುವುದನ್ನು ನಂಬಬೇಡಿ ಎಂದೂ ಬರೆದೆ.

ಬೆಂಗಳೂರಿನ ಆ ಹೆಂಗಸು ವಾರದಲ್ಲೇ ಫೋನ್ ಮಾಡಿದರು. ನಿಜವಾದ ಫೈಲು ಬಳಸಿದ್ದಕ್ಕೆ ಬೇಸರದಿಂದ ಮಾತಾಡಿದರು. ಸುಮ್ಮನಿದ್ದದ್ದು ಮಾತ್ರ ಸರಿಯಾಗಿತ್ತು ಎಂದರು. “ತುಂಬಾ ಕಷ್ಟದ ಕೆಲಸ ಅದು, ಎಲ್ಲರಿಗೂ ಆಗಲ್ಲ,” ಎಂದರು. ನನ್ನ ಬದುಕಿನಲ್ಲಿ ನನಗೆ ಸಿಕ್ಕ ಹೊಗಳಿಕೆಗಳಲ್ಲಿ ಅದೊಂದನ್ನು ನಾನು ಯಾರ ಮುಂದೆಯೂ ಹೇಳಿಕೊಂಡಿಲ್ಲ. ಆ ಚೌಕದ ಮಾತನ್ನು ಬದಲಾಯಿಸುತ್ತೇವೆ, ಗುಂಡಿಗಳ ಮೇಲೆ ಏನಿದ್ದರೆ ಆ ಗುಮಾಸ್ತರಿಗೆ ಅರ್ಥವಾಗುತ್ತಿತ್ತು ಎಂದು ಅವರನ್ನೇ ಕೇಳಿ ಎಂದರು.

ಹದಿನೈದು ದಿನ ಸುರಪುರದ ಬಸ್ ಹತ್ತಲು ಆಗಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಹೋದೆ. ಚಾಚಾ ರಿಜಿಸ್ಟರ್ ಬರೆಯುತ್ತಿದ್ದರು, ಕಂಪ್ಯೂಟರಿಗೆ ಬಟ್ಟೆ ಹೊದಿಸಿತ್ತು. ಕುಳ್ಳಿರಲು ಹೇಳಿ ಚಾ ತರಿಸಿದರು. ಗುಂಡಿಯ ಮೇಲೆ ಏನು ಬರೆಯಬೇಕಿತ್ತು ಎಂದು ಕೇಳಿದೆ. ಅವರು ಆ ಪ್ರಶ್ನೆಯನ್ನು ಕಚೇರಿಯ ಕಾಗದದಷ್ಟೇ ಗಂಭೀರವಾಗಿ ತೆಗೆದುಕೊಂಡರು. ಯೋಚಿಸಿ, ಇದ್ದದ್ದು ಇರಲಿ ಎಂದು ಬರೆಯಬೇಕಿತ್ತು ಎಂದರು. ಹಾಗಿದ್ದರೆ ಅದನ್ನೇ ಒತ್ತುತ್ತಿದ್ದೆ, ಇದ್ದದ್ದನ್ನು ಇರಲಿ ಅನ್ನಲು ಯಾರ ಸಹಿಯೂ ಬೇಕಿಲ್ಲ ಎಂದರು.

ಆಮೇಲೆ ನಾನು ಹೇಳಲು ಬಂದದ್ದನ್ನು ಹೇಳಿದೆ. ಪ್ರತಿ ಶನಿವಾರ ಬರುತ್ತೇನೆ, ನೀವು ಹೇಳುತ್ತ ಹೋಗಿ, ನಾನು ಟೈಪ್ ಮಾಡುತ್ತೇನೆ, ಹೋದ ಪುಟಗಳು ಮತ್ತೆ ಆಗುತ್ತವೆ. ಅವರು ಬೇಡವೆನ್ನಲಿಲ್ಲ. ಮುಂದಿನ ಶನಿವಾರ ಶೇರ್ ಆಟೋದಲ್ಲಿ ನನ್ನನ್ನು ದೇವಾಪುರದ ಕಾಲುವೆಯ ದಂಡೆಗೆ ಕರೆದುಕೊಂಡು ಹೋದರು. ಅಲ್ಲಿಂದ ಮುಂದಿನದೇ ಹೋಗಿತ್ತು, ಅಲ್ಲಿ ನಿಂತರೆ ನೆನಪಾಗುತ್ತದೆ ಎಂದು ಅವರ ಲೆಕ್ಕ. ಕಾಲುವೆ ತುಂಬಿ ಹರಿಯುತ್ತಿತ್ತು. ಆಚೆ ದಂಡೆಗೆ ಹಸಿರು ಭತ್ತ. ನಾನು ನೋಟ್‌ಬುಕ್ ತೆರೆದು ಪೆನ್ನು ಹಿಡಿದು ಕೂತೆ. ಅವರು ಎರಡು ಮಾತು ಹೇಳಿ ನಿಂತರು. ಮತ್ತೆ ಎರಡು ಮಾತು. ಉಳಿದ ಪುಟಗಳಲ್ಲೇ ಇದ್ದ ಆ ಮುದುಕಿಯ ಬೈಗುಳವನ್ನು ಮತ್ತೆ ಹೇಳಿದಾಗಲೂ ಅದರಲ್ಲಿ ನಗು ಇರಲಿಲ್ಲ, ವರದಿಯಂತಿತ್ತು. ಅವರಿಗೂ ಅದು ತಿಳಿಯಿತು.

“ನೀವು ಬರಕೊಳ್ಳಾಕ ಕುಂತ್ರ ನನಗ ಹೇಳಾಕ ಬರವಲ್ದ್ರಿ,” ಎಂದರು. “ಒಬ್ಬಾಂವ ಇದ್ದಾಗ ಬರ್ತದ ಅದು.”

ನಾನು ನೋಟ್‌ಬುಕ್ ಮುಚ್ಚಿದೆ. ಇಬ್ಬರೂ ರಸ್ತೆಗೆ ಬಂದು, ಇನ್ನೊಂದು ಆಟೋ ಹಿಡಿದು ತಿರುಗಿ ಬಂದೆವು. ಮುಂದಿನ ಶನಿವಾರ ನಾನು ಹೋಗಲಿಲ್ಲ. ಅವರೂ ಕೇಳಲಿಲ್ಲ.

ಮಳೆಗಾಲ ಕಳೆದಮೇಲೆ ಪ್ರೋಗ್ರಾಮಿನ ಹೊಸ ರೂಪ ಬಂತು. ‘ದೋಷ’ ಹೋಗಿತ್ತು. ಆ ಚೌಕದಲ್ಲಿ ಈಗ ಎರಡು ಫೈಲಿನ ತಾರೀಖು, ಎರಡರ ಪುಟ, ಯಾವುದು ಹಳೆಯದು ಯಾವುದು ಹೊಸದು ಎಲ್ಲ ಇತ್ತು. ಕೆಳಗೆ ಒಂದು ಗುಂಡಿಯ ಮೇಲೆ ‘ಹಳೆಯದನ್ನು ತಂದು ಹಾಕು’, ಇನ್ನೊಂದರ ಮೇಲೆ ‘ಇದ್ದದ್ದು ಇರಲಿ’. ಅದನ್ನು ಮೊದಲು ಸುರಪುರಕ್ಕೇ ಒಯ್ದೆ. ಚಾಚಾ ಕನ್ನಡಕ ಹಾಕಿಕೊಂಡು ಓದಿದರು. ತಮ್ಮ ಮಾತು ಗುಂಡಿಯ ಮೇಲೆ ಇರುವುದನ್ನು ಕಂಡು ಬೆರಳಿನಿಂದ ಗಾಜನ್ನು ಮುಟ್ಟಿದರು. ಇದು ಎಲ್ಲ ಕಚೇರಿಗೂ ಹೋಗುತ್ತದೆಯೇ ಎಂದು ಕೇಳಿದರು. ಹೋಗುತ್ತದೆ ಎಂದೆ. ಯಾರು ಹೇಳಿದ್ದೆಂದು ಅದರಲ್ಲಿ ಇರುವುದಿಲ್ಲವಷ್ಟೆ ಎಂದು ಕೇಳಿದರು. ಇಲ್ಲ ಎಂದೆ. ಅದೇ ಒಳ್ಳೆಯದು ಎಂದು ಕನ್ನಡಕ ತೆಗೆದರು.

ಆ ಕೆಲಸ ಅಲ್ಲಿಗೆ ಮುಗಿಯಿತು. ಮರುವರ್ಷ ನನಗೆ ಯಾದಗಿರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿ ಕ್ಯಾಂಪಿನ ಮನೆ ಬಿಟ್ಟೆ. ಸ್ಟೇಷನ್ ಕಡೆ ಒಂದು ಕೋಣೆ ಹಿಡಿದೆ. ಚಾಚಾ ನಿವೃತ್ತರಾಗಿ ಯಾದಗಿರಿಯಲ್ಲೇ ಮಗಳ ಮನೆಗೆ ಬಂದಿದ್ದಾರೆಂದು, ಕಾಗದಗಳ ಒಂದು ಕಟ್ಟು ಜೊತೆಗೆ ತಂದಿದ್ದಾರೆಂದು, ಮೇಡಂ ಸಿಕ್ಕರೆ ಬಂದುಹೋಗಲು ಹೇಳಿ ಎಂದಿದ್ದಾರೆಂದು ಸುರಪುರದ ಕಚೇರಿಯ ಒಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು ಹೇಳಿದರು. ಓಣಿಯ ಗುರುತನ್ನೂ ಹೇಳಿದರು. ನನ್ನ ಕೋಣೆಯಿಂದ ಕಾಲು ಗಂಟೆಯ ದಾರಿ. ಆ ಕಾಲು ಗಂಟೆ ನಡೆಯಲು ನನಗೆ ಹನ್ನೊಂದು ತಿಂಗಳು ಹಿಡಿಯಿತು.

ಹೋದದ್ದು ಒಂದು ಆಯಿತವಾರ ಬೆಳಗ್ಗೆ. ಅವರು ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಇನ್ನಷ್ಟು ತೆಳ್ಳಗಾಗಿದ್ದರು. ಗುರುತು ಹಿಡಿದು, ಬರ್ರಿ ಮೇಡಂ ಎಂದು ಎದ್ದು ನಿಂತರು. ಮಗಳು ನೀರು ತಂದು ಕೊಟ್ಟಳು. ಅವರು ಒಳಗೆ ಹೋಗಿ, ಅಂಚಿಗೆ ತೂತುಗಳಿರುವ ಪ್ರಿಂಟರ್ ಹಾಳೆಗಳ ಕಟ್ಟನ್ನು ತಂದು ನನ್ನ ಮುಂದಿಟ್ಟರು. ಮೊದಲಿನಷ್ಟು ಆಗಲಿಲ್ಲ, ಹದಿನೆಂಟು ಪುಟವಾಯಿತು, ಕೆಲವು ನೆನಪಿಗೆ ಮತ್ತೆ ಬರಲೇ ಇಲ್ಲ ಎಂದರು. ನಾನು ಕಟ್ಟು ಬಿಚ್ಚಿದೆ. ಅವರು ಕೂರಲಿಲ್ಲ.

“ಓದ್ರಿ. ನಾ ಒಳಗ ಇರ್ತೀನಿ,” ಎಂದರು. “ಓದೂ ಮುಂದ ಯಾರರೆ ಮಾರಿ ನೋಡಕೋತ ಕುಂತ್ರ ಓದಾಕ ಆಗಂಗಿಲ್ಲ.”

ಒಳಗೆ ಹೋಗಿ ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದುಕೊಂಡರು. ನಾನು ಕಟ್ಟೆಯ ಮೇಲೆ ಒಬ್ಬಳೇ ಕೂತು ಹದಿನೆಂಟೂ ಪುಟ ಓದಿದೆ. ಓಣಿಯಲ್ಲಿ ಹೋಗುವವರು ಯಾರೂ ನನ್ನ ಕಡೆ ನೋಡಲಿಲ್ಲ. ಓದಿ ಮುಗಿದಮೇಲೆ ಹಾಳೆಗಳನ್ನು ಮಡಿಕೆಯ ಗುರುತಿಗೆ ಸರಿಯಾಗಿ ಮಡಚಿ, ದಾರ ಸುತ್ತಿ, ಚಾಚಾ ಎಂದು ಒಳಗೆ ಕೂಗಿದೆ.